ಹೊರಗೆ ಚೆಂದ, ಕುಯ್ದರೆ ಹುಳ: ಮನೆಗೆ ತಂದ ಹಣ್ಣಿಗೆ ಏನು ಮಾಡಬೇಕು?

ಪ್ರಶ್ನೆ: ನಾವು ದಾವಣಗೆರೆಯ ವಿದ್ಯಾನಗರದಲ್ಲಿದ್ದೇವೆ. ಹೋದ ವಾರ ಮಾರುಕಟ್ಟೆಯಿಂದ ಒಂದು ಬಾಕ್ಸ್ ಬಾದಾಮಿ ಮಾವು ತಂದೆವು. ಹೊರಗೆ ಒಂದು ಕಲೆಯೂ ಇರಲಿಲ್ಲ. ಕುಯ್ದರೆ ನಾಲ್ಕೈದು ಹಣ್ಣಲ್ಲಿ ಬಿಳಿ ಹುಳ. ಒಂದು ಹಣ್ಣಿನ ವಾಟೆಯೊಳಗಿಂದ ಕಪ್ಪು ದುಂಬಿಯೇ ಹೊರಗೆ ಬಂತು. ಹಿತ್ತಲ ಪೇರಲ ಗಿಡದ ಹಣ್ಣೂ ಹೀಗೇ ಆಗಿದೆ. ಅಡುಗೆಮನೆ ತುಂಬಾ ಸಣ್ಣ ನೊಣ. ಅತ್ತೆ ಉಪ್ಪುನೀರಲ್ಲಿ ನೆನೆಸು ಅಂತಾರೆ, ಪಕ್ಕದ ಮನೆಯವರು ಸ್ಪ್ರೇ ಹೊಡಿ ಅಂತಾರೆ. ಮಗ ಆಗಲೇ ಎರಡು ಹಣ್ಣು ಚೀಪಿ ತಿಂದಿದ್ದಾನೆ. ಅವನಿಗೇನಾದರೂ ಆಗುತ್ತದಾ? ಇದಕ್ಕೆಲ್ಲ ಏನು ಮಾಡಬೇಕು?

ಉತ್ತರ: ಮೊದಲು ಮಗನ ವಿಷಯ. ಹೆದರಬೇಡಿ. ಹಣ್ಣಿನ ಜೊತೆ ಒಂದೆರಡು ಹುಳ ಹೊಟ್ಟೆಗೆ ಹೋದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಅವು ಕಚ್ಚುವ ಹುಳವಲ್ಲ, ವಿಷದ ಹುಳವೂ ಅಲ್ಲ. ಹಣ್ಣಿನ ತಿರುಳು ತಿಂದು ಬೆಳೆದ ಜೀವ, ನಮ್ಮ ಹೊಟ್ಟೆಯಲ್ಲಿ ಊಟದ ಜೊತೆ ಜೀರ್ಣವಾಗಿ ಹೋಗುತ್ತದೆ. ಅದೇ ಹೊಟ್ಟೆಯಲ್ಲಿ ಬೆಳೆದು ಜಂತುಹುಳ ಆಗುತ್ತದೆ ಅಂತ ಹೇಳುವವರಿದ್ದಾರೆ, ನಂಬಬೇಡಿ. ಜಂತುಹುಳದ ಕುಲವೇ ಬೇರೆ. ಇಲ್ಲಿ ಹುಳಕ್ಕಿಂತ ಜಾಸ್ತಿ ನೋಡಬೇಕಾದ್ದು ಹಣ್ಣು ಕೊಳೆತಿತ್ತಾ ಅನ್ನುವುದನ್ನು. ಹುಳ ಓಡಾಡಿದ ಜಾಗದಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಸೇರಿಕೊಳ್ಳುತ್ತವೆ. ಹುಳಿ ವಾಸನೆ ಬಂದ ಹಣ್ಣು ತಿಂದು ವಾಂತಿ, ಭೇದಿ ಶುರುವಾದರೆ ಡಾಕ್ಟರ್ ಹತ್ತಿರ ಹೋಗಿ. ಮಗ ಆರಾಮಾಗಿ ಆಡಿಕೊಂಡಿದ್ದಾನೆ ಅಂದರೆ ಆ ಚಿಂತೆ ಅಲ್ಲಿಗೇ ಬಿಡಿ.

ಇನ್ನು ಹುಳಕ್ಕೆ ಬರೋಣ. ನೀವು ಬರೆದದ್ದರಲ್ಲಿ ಮೂರು ಬೇರೆ ಬೇರೆ ಕೀಟಗಳಿವೆ. ಮೂರನ್ನೂ ಹುಳ ಅಂತ ಒಂದೇ ಲೆಕ್ಕಕ್ಕೆ ಹಾಕಿದ್ದರಿಂದಲೇ ಒಬ್ಬರು ಉಪ್ಪುನೀರು ಅಂತಾರೆ, ಇನ್ನೊಬ್ಬರು ಸ್ಪ್ರೇ ಅಂತಾರೆ. ಮಾವಿನ ತಿರುಳಲ್ಲಿದ್ದ ಬಿಳಿ ಹುಳ ತೋಟದಿಂದ ಹಣ್ಣಿನೊಳಗೇ ಕೂತು ಬಂದದ್ದು. ವಾಟೆಯ ದುಂಬಿಯೂ ತೋಟದ್ದೇ, ಆದರೆ ಅದು ಒಳಗೆ ಸೇರಿದ ಕಾಲ ಬೇರೆ, ದಾರಿ ಬೇರೆ. ಅಡುಗೆಮನೆಯ ಸಣ್ಣ ನೊಣ ಮಾತ್ರ ನಿಮ್ಮ ಮನೆಯಲ್ಲೇ ಹುಟ್ಟಿ ಬೆಳೆಯುತ್ತಿರುವುದು. ಯಾವುದು ಎಲ್ಲಿಂದ ಬಂತು ಅಂತ ಗೊತ್ತಾದರೆ ಎಲ್ಲಿ ಕೈ ಹಾಕಬೇಕು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ. ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಹಣ್ಣಿನೊಳಗೆ ಹೋದ ಹುಳಕ್ಕೆ ಅಡುಗೆಮನೆಯಲ್ಲಿ ಔಷಧ ಇಲ್ಲ. ಅದನ್ನು ತಡೆಯುವುದಿದ್ದರೆ ಗಿಡದಲ್ಲಿ, ಇಲ್ಲವೇ ಹಣ್ಣು ಆರಿಸುವಾಗ.

ಬಿಳಿ ಹುಳದಿಂದ ಶುರು ಮಾಡುತ್ತೇನೆ. ಇದು ಹಣ್ಣು ನೊಣದ ಮರಿ. ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್ ಅಂತ ಇದರ ಶಾಸ್ತ್ರೀಯ ಹೆಸರು. ಮನೆಯಲ್ಲಿ ಕಾಣುವ ನೊಣಕ್ಕಿಂತ ಇದು ಸ್ವಲ್ಪ ತೆಳ್ಳಗೆ, ಕಂದು ಹಳದಿ ಬಣ್ಣ, ಬೆನ್ನಿನ ಮೇಲೆ ಎರಡು ಹಳದಿ ಪಟ್ಟೆ, ಸೊಂಟ ಕಣಜದ ಹಾಗೆ ಸಣ್ಣ. ಹೆಣ್ಣು ನೊಣದ ಹಿಂಭಾಗದಲ್ಲಿ ಚೂಪಾದ ಒಂದು ಕೊಳವೆ ಇರುತ್ತದೆ. ಬಲಿತ ಕಾಯಿಯ ಮೇಲೆ ಕೂತು, ಆ ಕೊಳವೆಯನ್ನು ಸಿಪ್ಪೆಯೊಳಗೆ ಚುಚ್ಚಿ ಮೊಟ್ಟೆ ಇಡುತ್ತದೆ. ಮೊಟ್ಟೆ ಒಂದು ಮಿಲಿಮೀಟರ್ ಆಸುಪಾಸು ಉದ್ದ, ಬೆಳ್ಳಗೆ. ಒಂದು ಹೆಣ್ಣು ತನ್ನ ಆಯಸ್ಸಿನಲ್ಲಿ ಸಾವಿರಕ್ಕೂ ಮೇಲೆ ಮೊಟ್ಟೆ ಇಡಬಲ್ಲದು. ಚುಚ್ಚಿದ ಗುರುತು ಸೂಜಿಮೊನೆಯಷ್ಟೇ, ಹೊಸದರಲ್ಲಿ ಕಣ್ಣಿಗೆ ಬೀಳುವುದಿಲ್ಲ. ನೀವು ಕಲೆಯೇ ಇರಲಿಲ್ಲ ಅಂದಿರಲ್ಲ, ಅದು ನಿಜ ಇರಬಹುದು. ವ್ಯಾಪಾರಿಗೂ ಕಂಡಿರುವುದಿಲ್ಲ. ಅಷ್ಟೇ ಯಾಕೆ, ರಫ್ತಿಗೆ ಅಂತ ಆರಿಸಿ ಆರಿಸಿ ತುಂಬಿಸಿದ ಹಣ್ಣಿನಲ್ಲೂ ಇದು ತಪ್ಪಿಸಿಕೊಂಡು ಹೋಗಿದೆ. 2014ರ ಮೇ ತಿಂಗಳಿಂದ ಯುರೋಪಿಯನ್ ಒಕ್ಕೂಟ ನಮ್ಮ ದೇಶದ ಮಾವನ್ನು ತಡೆದದ್ದು ಹಣ್ಣು ನೊಣದಂಥ ಕೀಟ ಸಿಕ್ಕವು ಅನ್ನುವ ಕಾರಣಕ್ಕೇ. 2015ರ ಆರಂಭದಲ್ಲಿ ಆ ತಡೆ ತೆಗೆದರು.

ಮೊಟ್ಟೆ ಒಂದೆರಡು ದಿನದಲ್ಲಿ ಒಡೆಯುತ್ತದೆ. ಮರಿ ತಿರುಳು ತಿನ್ನುತ್ತಾ ಒಂದು ವಾರ, ಹತ್ತು ದಿನ ಬೆಳೆಯುತ್ತದೆ. ಬೇಸಿಗೆಯಲ್ಲಿ ಇನ್ನೂ ಬೇಗ. ಈಗ ಲೆಕ್ಕ ಹಾಕಿ ನೋಡಿ. ಕಾಯಿ ಕೊಯ್ಯುವ ಹೊತ್ತಿಗೆ ಒಳಗೆ ಮೊಟ್ಟೆ ಇಲ್ಲವೇ ತೀರಾ ಸಣ್ಣ ಮರಿ ಇರುತ್ತದೆ. ಅಡೆ ಹಾಕಿ, ಅದು ಹಣ್ಣಾಗಿ, ಮಾರುಕಟ್ಟೆಗೆ ಬಂದು, ನಿಮ್ಮ ಮನೆಯ ಬಾಕ್ಸಿನಲ್ಲಿ ಎರಡು ದಿನ ಕೂರುವ ಹೊತ್ತಿಗೆ ಹುಳ ದಪ್ಪವಾಗಿರುತ್ತದೆ. ಹಣ್ಣು ಮಾಗುವುದೂ ಹುಳ ಬೆಳೆಯುವುದೂ ಜೊತೆಜೊತೆಗೇ ಆಗುತ್ತವೆ.

ಬಲಿತ ಹುಳ ಒಂದು ಸೆಂಟಿಮೀಟರ್ ಹತ್ತಿರ ಇರುತ್ತದೆ. ತಲೆ ಕಡೆ ಚೂಪು, ಬಾಲದ ಕಡೆ ಮೊಂಡು. ಕಾಲಿಲ್ಲ. ಒಂದನ್ನು ತಟ್ಟೆಯ ಮೇಲೆ ಬಿಟ್ಟು ನೋಡಿ. ಮೈಯನ್ನು ಬಳೆಯ ಹಾಗೆ ಬಗ್ಗಿಸಿ, ಬಾಯಿಯ ಕೊಕ್ಕೆಯಿಂದ ಬಾಲದ ತುದಿ ಹಿಡಿದು ಬಿಗಿಯುತ್ತದೆ, ಆಮೇಲೆ ಫಟ್ ಅಂತ ಬಿಟ್ಟು ಗೇಣುದ್ದ ಹಾರುತ್ತದೆ. ಹೀಗೆ ಹಾರಿದರೆ ಹಣ್ಣು ನೊಣದ ಹುಳ ಅಂತ ತಿಳಿಯಲು ಅದೊಂದು ಒಳ್ಳೆಯ ಗುರುತು. ಅದು ಹಾರುವುದು ಯಾಕೆ ಅಂದರೆ, ಹಣ್ಣು ಬಿಟ್ಟು ಮಣ್ಣಿಗೆ ಹೋಗಬೇಕು. ಮಣ್ಣಲ್ಲಿ ಎರಡು ಮೂರು ಬೆರಳಿನಷ್ಟು ಆಳಕ್ಕೆ ಇಳಿದು ಕೋಶ ಕಟ್ಟಿ, ಹತ್ತು ದಿನದ ಆಸುಪಾಸಿನಲ್ಲಿ ನೊಣವಾಗಿ ಹೊರಗೆ ಬರುತ್ತದೆ. ನಿಮ್ಮ ಮನೆಯಲ್ಲಿ ಮಣ್ಣು ಸಿಗದಿದ್ದರೆ ಬಾಕ್ಸಿನ ಮೂಲೆ, ಪೇಪರಿನ ಮಡಿಕೆ, ಫ್ರಿಜ್ಜಿನ ಅಡಿ, ಎಲ್ಲಿ ಕತ್ತಲಿದೆಯೋ ಅಲ್ಲಿ ಹೋಗಿ ಕೋಶ ಕಟ್ಟುತ್ತದೆ. ಕಂದು ಬಣ್ಣದ, ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪನೆಯ ಕಾಳುಗಳು ಕಂಡರೆ ಅದೇ. ಗುಡಿಸಿ ಅಂಗಳಕ್ಕೆ ಎಸೆಯಬೇಡಿ, ಪೇರಲ ಗಿಡಕ್ಕೆ ನೀವೇ ನೊಣ ಸಾಕಿಕೊಟ್ಟ ಹಾಗಾಗುತ್ತದೆ. ಚಪ್ಪಲಿಯಲ್ಲಿ ಒತ್ತಿ ಹಾಕಿ, ಇಲ್ಲ ಸೋಪು ನೀರಿನ ಡಬ್ಬಿಗೆ ಹಾಕಿ ಮುಚ್ಚಿಡಿ.

ಸರಿ, ಬಾಕ್ಸಿನಲ್ಲಿ ಉಳಿದ ಹಣ್ಣು ಏನು ಮಾಡಬೇಕು? ಎಲ್ಲಾ ಎಸೆಯಬೇಕಿಲ್ಲ. ಒಂದು ಹಣ್ಣಿನ ಹುಳ ಇನ್ನೊಂದು ಹಣ್ಣಿಗೆ ಸಿಪ್ಪೆ ಕೊರೆದುಕೊಂಡು ಹೋಗುವುದಿಲ್ಲ. ನೊಣ ಮೊಟ್ಟೆ ಇಟ್ಟ ಹಣ್ಣಿನಲ್ಲೇ ಅದರ ಬದುಕು. ಹಾಗಾಗಿ ಇವತ್ತೇ ಎಲ್ಲವನ್ನೂ ಹೊರಗೆ ತೆಗೆದು ಬೆಳಕಲ್ಲಿ ಒಂದೊಂದೇ ತಿರುಗಿಸಿ ನೋಡಿ. ಕಂದು ಬಣ್ಣಕ್ಕೆ ತಿರುಗಿದ ಮೆತ್ತನೆ ಜಾಗ, ಸೂಜಿ ಚುಚ್ಚಿದಂಥ ತೂತಿನಿಂದ ಒಸರಿದ ಅಂಟು, ಹೆಬ್ಬೆರಳಿಂದ ಮೆಲ್ಲಗೆ ಒತ್ತಿದರೆ ಒಳಗೆ ನೀರಾಡಿದಂತೆ ಅನಿಸುವುದು, ಇವು ಗುರುತು. ಅಂಥವನ್ನು ಬೇರೆ ಇಡಿ. ಉಳಿದವನ್ನು ತೊಳೆದು, ಒರೆಸಿ, ಹಣ್ಣಾದವನ್ನು ಬೇಗ ಕುಯ್ದು ತಿನ್ನಿ. ಗುರುತು ಇರುವ ಹಣ್ಣಿನಲ್ಲೂ ಹುಳ ಒಂದು ಮೂಲೆಯಲ್ಲಿದ್ದರೆ ಆ ಭಾಗವನ್ನು ಎರಡು ಬೆರಳಗಲ ಜಾಸ್ತಿ ಸೇರಿಸಿ ತೆಗೆದುಹಾಕಿ. ಉಳಿದ ತಿರುಳು ಗಟ್ಟಿಯಾಗಿ, ಒಳ್ಳೆ ಬಣ್ಣ, ಒಳ್ಳೆ ವಾಸನೆ ಇದ್ದರೆ ತಿನ್ನಬಹುದು. ಹುಳಿ ವಾಸನೆ, ಬೂಷ್ಟು, ನೀರಾದ ತಿರುಳು ಇದ್ದರೆ ಆಸೆ ಬಿಡಿ. ಎಮ್ಮೆ, ಹಸು ಇರುವ ಮನೆಗೆ ಕೊಟ್ಟರೆ ಅವು ತಿನ್ನುತ್ತವೆ, ಆದರೆ ಬೂಷ್ಟು ಹಿಡಿದದ್ದನ್ನು ಅವಕ್ಕೂ ಹಾಕಬೇಡಿ.

ಸೀಕರಣೆ ಮಾಡುವವರು ಹಣ್ಣು ಹಿಂಡುವ ಮೊದಲು ಕುಯ್ದು ನೋಡಿಕೊಳ್ಳಿ. ಮಕ್ಕಳು ನಾಟಿ ಹಣ್ಣನ್ನು ತೊಟ್ಟು ಕಿತ್ತು ಹಾಗೇ ಬಾಯಿಗಿಟ್ಟುಕೊಂಡು ಚೀಪುತ್ತಾರೆ. ಆಗ ಒಳಗೇನಿದೆ ಅಂತ ಕಾಣುವುದೇ ಇಲ್ಲ. ಮೊದಲು ಒಂದು ಚೂರು ರಸವನ್ನು ತಟ್ಟೆಗೆ ಹಿಂಡಿ ನೋಡಿ ಕೊಡಿ, ಸಾಕು.

ಇಲ್ಲೊಂದು ಎಚ್ಚರಿಕೆ. ಬಾದಾಮಿ ಹಣ್ಣಿನಲ್ಲಿ ವಾಟೆಯ ಹತ್ತಿರ ತಿರುಳು ಬೆಳ್ಳಗೆ, ಸ್ಪಂಜಿನ ಹಾಗೆ, ಹುಳಿಯಾಗಿ ಇರುವುದುಂಟು. ನೋಡಿದ ಕೂಡಲೇ ಹುಳ ಹಿಡಿದಿದೆ ಅಂತ ಎಸೆಯುತ್ತಾರೆ. ಅದಕ್ಕೂ ಹುಳಕ್ಕೂ ಸಂಬಂಧ ಇಲ್ಲ. ಅದು ಆ ತಳಿಗೇ ಇರುವ ದೋಷ, ಹಣ್ಣು ಮಾಗುವಾಗ ಒಳಗಿನ ತಿರುಳು ಸರಿಯಾಗಿ ಮಾಗದೆ ಉಳಿಯುತ್ತದೆ. ಆ ಭಾಗ ತೆಗೆದು ಉಳಿದದ್ದು ತಿನ್ನಿ.

ಈಗ ಉಪ್ಪುನೀರು. ನಿಮ್ಮ ಅತ್ತೆಯವರು ಹೇಳಿದ್ದು ಸುಳ್ಳಲ್ಲ, ಆದರೆ ಮಾವಿಗೆ ಅಲ್ಲ. ನೇರಳೆ ಹಣ್ಣು, ಹಿಪ್ಪುನೇರಳೆಯಂಥ ತೆಳ್ಳನೆ ಸಿಪ್ಪೆಯ ಸಣ್ಣ ಹಣ್ಣಿಗೆ ಅದು ಕೆಲಸ ಮಾಡುತ್ತದೆ. ಒಂದು ಲೀಟರ್ ನೀರಿಗೆ ಎರಡು ಚಮಚ ಕಲ್ಲುಪ್ಪು ಹಾಕಿ ಅರ್ಧ ಗಂಟೆ ಬಿಟ್ಟರೆ ಒಳಗಿನ ಮರಿಹುಳಗಳಲ್ಲಿ ಹಲವು ಹೊರಗೆ ಬಂದುಬಿಡುತ್ತವೆ. ಆಮೇಲೆ ಸಾದಾ ನೀರಲ್ಲಿ ತೊಳೆಯಿರಿ. ಗೊಂಚಲ ನಡುವೆ ಬಿಳಿ ಹಿಟ್ಟಿನಂಥ ಕೀಟ ಕೂತ ದ್ರಾಕ್ಷಿಗೂ ಇದು ಸ್ವಲ್ಪ ಸಹಾಯ. ಮಾವು, ಪೇರಲದ ಸಿಪ್ಪೆ ದಪ್ಪ, ಹುಳ ತಿರುಳಿನ ಆಳದಲ್ಲಿರುತ್ತದೆ. ಉಪ್ಪು ಅಲ್ಲಿಗೆ ಇಳಿಯುವುದೇ ಇಲ್ಲ. ಇಡೀ ರಾತ್ರಿ ನೆನೆಸಿದರೂ ಹಣ್ಣು ಕೆಡುವುದೇ ಹೊರತು ಹುಳ ಸಾಯುವುದಿಲ್ಲ. ಹಣ್ಣಿಗೆ ಪಾತ್ರೆ ತೊಳೆಯುವ ಸೋಪು ಹಚ್ಚಿ ತೊಳೆಯುವವರೂ ಇದ್ದಾರೆ, ಅದನ್ನು ದಯವಿಟ್ಟು ಮಾಡಬೇಡಿ. ನಲ್ಲಿ ಕೆಳಗೆ ಹಿಡಿದು ಕೈಯಿಂದ ಚೆನ್ನಾಗಿ ಉಜ್ಜಿ ತೊಳೆದರೆ ಸಾಕು.

ಬಿಸಿನೀರಿನ ಉಪಾಯ ನಿಜಕ್ಕೂ ಇದೆ. ರಫ್ತಿನ ಮಾವನ್ನು 48 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ 60 ನಿಮಿಷ ಇಟ್ಟು ಒಳಗಿನ ಮೊಟ್ಟೆ, ಹುಳ ಕೊಲ್ಲುತ್ತಾರೆ. ಅಮೆರಿಕಕ್ಕೆ 2007ರಿಂದ ಮತ್ತೆ ಹೋಗಲು ಶುರುವಾದ ನಮ್ಮ ಮಾವಿಗೆ ವಿಕಿರಣದ ಚಿಕಿತ್ಸೆ ಮಾಡಿ ಕಳಿಸುತ್ತಾರೆ. ಆದರೆ ಬಿಸಿನೀರಿನ ತೊಟ್ಟಿಯಲ್ಲಿ ಶಾಖ ಒಂದೇ ಮಟ್ಟದಲ್ಲಿ ನಿಲ್ಲುವ ವ್ಯವಸ್ಥೆ ಇರುತ್ತದೆ. ಮನೆಯ ಹಂಡೆಯಲ್ಲಿ ಎರಡು ಮೂರು ಡಿಗ್ರಿ ಕಮ್ಮಿ ಆದರೆ ಹುಳ ಬದುಕುತ್ತದೆ, ಜಾಸ್ತಿ ಆದರೆ ಸಿಪ್ಪೆ ಬೆಂದು ಕಪ್ಪಾಗುತ್ತದೆ. ಸ್ವಂತ ಮರದ ಬಲಿತ ಕಾಯಿಗಳಿದ್ದು, ಥರ್ಮಾಮೀಟರ್ ಇದ್ದು, ಒಂದು ಗಂಟೆ ಅದರ ಮುಂದೆ ಕೂರುವ ತಾಳ್ಮೆ ಇದ್ದರೆ ಪ್ರಯತ್ನಿಸಿ. ಹಣ್ಣಾದ ಮಾವಿಗೆ ಇದು ಸಲ್ಲದು.

ಫ್ರಿಜ್ಜಿನ ಬಗ್ಗೆ ಕೂಡ ಹೇಳಿಬಿಡುತ್ತೇನೆ. ಫ್ರಿಜ್ಜಿನ ತಣ್ಣನೆಯಲ್ಲಿ ಹುಳ ಬೇಗ ಸಾಯುವುದಿಲ್ಲ, ನಿಧಾನ ಆಗುತ್ತದೆ ಅಷ್ಟೇ. ಬಲಿತ ಕಾಯಿಯನ್ನು ಫ್ರಿಜ್ಜಿಗಿಟ್ಟರೆ ಹಣ್ಣೇ ಸರಿಯಾಗಿ ಆಗುವುದಿಲ್ಲ, ತಣ್ಣನೆಯ ಏಟು ಬಿದ್ದು ಸಿಪ್ಪೆ ಕಪ್ಪಾಗಿ ರುಚಿ ಕೆಡುತ್ತದೆ. ಹಣ್ಣಾದ ಮೇಲೆ ಎರಡು ಮೂರು ದಿನ ಇಡಬಹುದು. ಜಾಸ್ತಿ ಹಣ್ಣು ಒಟ್ಟಿಗೆ ಆಗಿಬಿಟ್ಟರೆ ಕುಯ್ದು, ನೋಡಿ, ತಿರುಳು ತೆಗೆದು ಡಬ್ಬಿಯಲ್ಲಿ ಫ್ರೀಜರಿಗೆ ಹಾಕಿ.

ಸ್ಪ್ರೇ ಮಾತ್ರ ಬೇಡವೇ ಬೇಡ. ಸೊಳ್ಳೆ, ಜಿರಳೆಗೆ ಹೊಡೆಯುವ ಸ್ಪ್ರೇಯನ್ನು ಹಣ್ಣಿನ ಬುಟ್ಟಿಯ ಸುತ್ತ ಹೊಡೆದರೆ ಒಳಗಿನ ಹುಳಕ್ಕೆ ಏನೂ ತಟ್ಟುವುದಿಲ್ಲ, ಸಿಪ್ಪೆಯ ಮೇಲೆ ಕೂತ ಔಷಧ ನಿಮ್ಮ ಮಗನ ಬಾಯಿಗೆ ಹೋಗುತ್ತದೆ. ಬುಟ್ಟಿಯ ಪಕ್ಕ ಡಾಂಬರು ಗುಳಿಗೆ ಇಡುವುದು, ಇರುವೆ ಪುಡಿ ಹಾಕುವುದು, ಇರುವೆ ಚಾಕ್‌ನಲ್ಲಿ ಗೆರೆ ಎಳೆದು ಅದೇ ಕೈಯಲ್ಲಿ ಹಣ್ಣು ಮುಟ್ಟುವುದು, ಇವೆಲ್ಲ ಹುಳಕ್ಕಿಂತ ಎಷ್ಟೋ ಪಾಲು ಅಪಾಯ. ಇರುವೆ ಕಾಟ ಇದ್ದರೆ ಅಗಲದ ತಟ್ಟೆಯಲ್ಲಿ ನೀರು ಹಾಕಿ ಅದರ ನಡುವೆ ಬುಟ್ಟಿ ಇಡಿ, ನಮ್ಮ ಹಿರಿಯರು ಮಾಡುತ್ತಿದ್ದದ್ದೇ. ಹಾಗೇ ಕಾರ್ಬೈಡ್ ಹಾಕಿ ಮಾಗಿಸಿದರೆ ಹುಳ ಸಾಯುತ್ತದೆ ಅಂತ ಕೆಲವರು ತಿಳಿದಿದ್ದಾರೆ. ಸಾಯುವುದಿಲ್ಲ. ಹಣ್ಣಿಗೆ ಕಾರ್ಬೈಡ್ ಹಾಕುವುದು ನಮ್ಮಲ್ಲಿ ಕಾನೂನು ಪ್ರಕಾರ ನಿಷೇಧ. ಬಲಿತ ಕಾಯಿ ತಂದು ಹುಲ್ಲಿನಲ್ಲಿ ಅಡೆ ಹಾಕಿ, ದಿನಾ ಒಂದು ಸಲ ತೆರೆದು ನೋಡಿ ಮೆತ್ತಗಾದದ್ದನ್ನು ಬೇರೆ ತೆಗೆಯುತ್ತಾ ಬನ್ನಿ.

ಇನ್ನು ವಾಟೆಯ ದುಂಬಿ. ಇದು ಮಾವಿನ ವಾಟೆ ಕೊರಕ. ಇದರ ಕಥೆ ಸ್ವಾರಸ್ಯವಾಗಿದೆ. ಮಾವಿನ ಮಿಡಿ ಗೋಲಿ ಗಾತ್ರದಿಂದ ನಿಂಬೆ ಗಾತ್ರದಲ್ಲಿದ್ದಾಗಲೇ ದುಂಬಿ ಸಿಪ್ಪೆಯ ಮೇಲೆ ಒಂದೊಂದಾಗಿ ಮೊಟ್ಟೆ ಇಡುತ್ತದೆ. ಮರಿ ಕೂದಲಿನಷ್ಟು ಸಣ್ಣ ದಾರಿ ಮಾಡಿಕೊಂಡು ನೇರ ಬೀಜಕ್ಕೆ ಹೋಗುತ್ತದೆ. ವಾಟೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಹಣ್ಣು ಬೆಳೆದ ಹಾಗೆ ಆ ದಾರಿ ಕೂಡಿಕೊಂಡು ಗುರುತೇ ಇಲ್ಲದಂತಾಗುತ್ತದೆ. ಹುಳ ಬೀಜ ತಿಂದುಕೊಂಡು ಒಳಗೇ ಬೆಳೆದು, ಒಳಗೇ ದುಂಬಿಯಾಗುತ್ತದೆ. ಹೊರಗೆ ಒಂದು ತೂತು ಇಲ್ಲದ ಹಣ್ಣಿನೊಳಗೆ ಇಷ್ಟು ದೊಡ್ಡ ದುಂಬಿ ಹೇಗೆ ಬಂತು ಅಂತ ಎಲ್ಲರಿಗೂ ಆಶ್ಚರ್ಯ, ಅದಕ್ಕೆ ಉತ್ತರ ಇದು. ಸಾಮಾನ್ಯವಾಗಿ ಇದು ತಿರುಳು ತಿನ್ನುವುದಿಲ್ಲ. ದುಂಬಿ ಹೊರಗೆ ಬರುವಾಗ ಮಾತ್ರ ಹಣ್ಣಿನಲ್ಲಿ ಕಪ್ಪು ದಾರಿ ಬಿಡುತ್ತದೆ. ಹಾಗಾಗಿ ವಾಟೆಯಲ್ಲಿ ದುಂಬಿ ಇದ್ದ ಹಣ್ಣನ್ನು ಧೈರ್ಯವಾಗಿ ತಿನ್ನಿ. ನೀಲಂ, ಬಾದಾಮಿ, ತೋತಾಪುರಿಯಲ್ಲಿ ಇದರ ಕಾಟ ಜಾಸ್ತಿ.

ಆದರೆ ವಾಟೆ ಎಸೆಯುವಾಗ ಯೋಚನೆ ಮಾಡಿ. ಈ ದುಂಬಿಗೆ ವರ್ಷಕ್ಕೆ ಒಂದೇ ಪೀಳಿಗೆ. ಹಿತ್ತಲಿಗೆ ಎಸೆದ ವಾಟೆಯಿಂದ ಹೊರಗೆ ಬಂದು, ಮಾವಿನ ಮರದ ತೊಗಟೆಯ ಬಿರುಕಿನಲ್ಲಿ ಸೇರಿ, ಮುಂದಿನ ವರ್ಷ ಹೂ ಬಿಡುವ ತನಕ ಸುಮ್ನೆ ಕೂತಿರುತ್ತದೆ. ಚನ್ನಗಿರಿ, ಹೊಳಲ್ಕೆರೆ ಕಡೆ ನಿಮ್ಮ ತವರುಮನೆಯ ತೋಟ ಏನಾದರೂ ಇದ್ದು, ಊಟ ಮುಗಿಸಿ ವಾಟೆಗಳನ್ನು ಮರದ ಬುಡಕ್ಕೇ ಎಸೆಯುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ. ತೋಟದಲ್ಲಿ ಬಿದ್ದ ಹಣ್ಣು, ವಾಟೆ ಎರಡನ್ನೂ ಆರಿಸಿ ಸುಡುವುದು ಇಲ್ಲವೇ ಎರಡು ಅಡಿ ಆಳಕ್ಕೆ ಹೂಳುವುದು, ಈ ಕೊರಕಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ಮನೆ ಮಟ್ಟದಲ್ಲಿ ಇಲ್ಲ.

ಮೂರನೆಯದು ಅಡುಗೆಮನೆಯ ಸಣ್ಣ ನೊಣ. ನೊರಜು, ಗುಂಗುರು ಅಂತ ಏನೇನೋ ಕರೆಯುತ್ತಾರೆ. ಮೂರು ಮಿಲಿಮೀಟರ್ ಇರುತ್ತದೆ, ಹತ್ತಿರದಿಂದ ನೋಡಿದರೆ ಕಣ್ಣು ಕೆಂಪಗೆ. ಇದರ ಹೆಸರು ಡ್ರೊಸೋಫಿಲ. ಶಾಲೆಯ ಪುಸ್ತಕದಲ್ಲಿ ತಳಿಶಾಸ್ತ್ರದ ಪಾಠದಲ್ಲಿ ಬರುತ್ತದಲ್ಲ, ಅದೇ. ಇದಕ್ಕೂ ಮಾವಿನೊಳಗಿನ ಬಿಳಿ ಹುಳಕ್ಕೂ ಸಂಬಂಧ ಇಲ್ಲ. ನಮ್ಮ ಮನೆಗಳಲ್ಲಿ ಕಾಣುವ ಈ ನೊಣಕ್ಕೆ ಗಟ್ಟಿ ಹಣ್ಣಿನ ಸಿಪ್ಪೆ ಚುಚ್ಚುವ ಶಕ್ತಿ ಇಲ್ಲ. ಬಿರಿದ, ಒಡೆದ, ಹುಳಿಯಾಗಲು ಶುರುವಾದ ಹಣ್ಣಿನ ಮೇಲೆ ಮೊಟ್ಟೆ ಇಡುತ್ತದೆ. ನಮ್ಮ ಊರಿನ ಸೆಕೆಯಲ್ಲಿ ಮೊಟ್ಟೆಯಿಂದ ನೊಣ ಆಗಲು ಎಂಟು ಹತ್ತು ದಿನ ಸಾಕು. ಅದಕ್ಕೇ ಒಂದು ವಾರ ಊರಿಗೆ ಹೋಗಿ ಬಂದರೆ ಮನೆ ತುಂಬಿರುತ್ತದೆ.

ಹಾರುವ ನೊಣ ಕೊಂದರೆ ಮುಗಿಯಿತು ಅನ್ನುವ ಹಾಗಿಲ್ಲ. ಹುಟ್ಟುವ ಜಾಗ ಹುಡುಕಬೇಕು. ಹಣ್ಣಿನ ಬುಟ್ಟಿಯ ತಳದಲ್ಲಿ ಒಡೆದು ಅಂಟಿಕೊಂಡ ಬಾಳೆಹಣ್ಣು, ಈರುಳ್ಳಿ ಬುಟ್ಟಿಯಲ್ಲಿ ಕೊಳೆತ ಒಂದು ಗಡ್ಡೆ, ಕಸದ ಡಬ್ಬಿಯ ಅಡಿಯಲ್ಲಿ ನಿಂತ ರಸ, ಒದ್ದೆ ಇರುವ ನೆಲ ಒರೆಸುವ ಬಟ್ಟೆ, ಜ್ಯೂಸಿನ ಖಾಲಿ ಬಾಟಲಿ, ಸಿಂಕಿನ ಜಾಲರಿ. ಇದರಲ್ಲಿ ಯಾವುದೋ ಒಂದು ಇದ್ದೇ ಇರುತ್ತದೆ. ಹೆಚ್ಚು ಸಲ ಸಿಗುವುದು ಈರುಳ್ಳಿ ಬುಟ್ಟಿಯಲ್ಲೇ, ಯಾಕೆಂದರೆ ಅಲ್ಲಿ ಯಾರೂ ನೋಡುವುದಿಲ್ಲ. ರಾತ್ರಿ ಮಲಗುವ ಮೊದಲು ಹಸಿ ಕಸ ಹೊರಗೆ ಹೋಗಲಿ. ಸಿಂಕಿನ ಕೊಳವೆಯನ್ನು ಹಳೇ ಬ್ರಷ್‌ನಿಂದ ಉಜ್ಜಿ, ಆಮೇಲೆ ಬಿಸಿನೀರು ಬಿಡಿ. ಬರೀ ಬಿಸಿನೀರು ಸುರಿದರೆ ಒಳಗೆ ಅಂಟಿದ ಲೋಳೆ ಹೋಗುವುದಿಲ್ಲ. ಬಚ್ಚಲ ಗೋಡೆಯ ಮೇಲೆ ಕೂರುವ, ರೆಕ್ಕೆ ತುಂಬಾ ಕೂದಲಿರುವ, ಪುಟ್ಟ ಚಿಟ್ಟೆಯಂತೆ ಕಾಣುವ ನೊಣ ಇನ್ನೊಂದಿದೆ. ಅದು ಮೋರಿಯದು, ಹಣ್ಣಿಗೆ ಬರುವುದಲ್ಲ. ಅದಿದ್ದರೆ ಬುಟ್ಟಿ ಬಿಟ್ಟು ಕೊಳವೆ ನೋಡಿ.

ಉಳಿದ ನೊಣ ಹಿಡಿಯಲು ಒಂದು ಲೋಟದಲ್ಲಿ ಎರಡು ಬೆರಳು ವಿನೆಗರ್, ಚೆನ್ನಾಗಿ ಮಾಗಿದ ಬಾಳೆಹಣ್ಣಿನ ಚೂರು, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ. ಲಿಕ್ವಿಡ್ ಯಾಕೆ ಅಂದರೆ, ಅದಿಲ್ಲದಿದ್ದರೆ ನೊಣ ನೀರಿನ ಮೇಲೆ ಕೂತು ಕುಡಿದು ಹಾರಿಹೋಗುತ್ತದೆ. ಹನಿ ಹಾಕಿದರೆ ಕೂತ ಕೂಡಲೇ ಮುಳುಗುತ್ತದೆ. ಬಾಳೆಹಣ್ಣು ಮರೆಯಬೇಡಿ, ಅಂಗಡಿಯ ಬಿಳಿ ವಿನೆಗರ್ ಒಂದಕ್ಕೇ ಅಷ್ಟಾಗಿ ಬರುವುದಿಲ್ಲ, ಅವಕ್ಕೆ ಬೇಕಾದ್ದು ಹುದುಗಿದ ಹಣ್ಣಿನ ವಾಸನೆ. ಎರಡು ದಿನಕ್ಕೊಮ್ಮೆ ಚೆಲ್ಲಿ ಹೊಸದು ಇಡಿ, ಇಲ್ಲದಿದ್ದರೆ ಅದೇ ನೊಣ ಹುಟ್ಟುವ ಜಾಗ ಆಗುತ್ತದೆ.

ಈಗ ಹಿತ್ತಲ ಪೇರಲ. ಇಲ್ಲಿ ಮಾತ್ರ ನಿಮ್ಮ ಕೈಯಲ್ಲಿ ನಿಜವಾದ ಅಧಿಕಾರ ಇದೆ, ಅದಕ್ಕೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ಪೇರಲ ಅಂದರೆ ಹಣ್ಣು ನೊಣಕ್ಕೆ ಪಂಚಪ್ರಾಣ. ಮಳೆಗಾಲದ ಬೆಳೆಗೆ ಹುಳ ಜಾಸ್ತಿ, ಚಳಿಗಾಲದ ಹಣ್ಣು ಹೆಚ್ಚು ಕಮ್ಮಿ ಚೊಕ್ಕ. ಮಾವಿನಲ್ಲೂ ಹಾಗೇ, ಮಳೆ ಬೀಳುವ ಮುಂಚಿನ ಹಣ್ಣಿಗಿಂತ ಜೂನ್ ಆದಮೇಲಿನ ಹಣ್ಣಿಗೆ ಕಾಟ ಹೆಚ್ಚು. ಕೊಳ್ಳುವಾಗಲೂ ಇದು ನೆನಪಿರಲಿ. ಮಳೆಗಾಲದಲ್ಲಿ ಪೂರ್ತಿ ಹಳದಿಯಾದ, ಘಮ್ ಅನ್ನುವ ಪೇರಲಕ್ಕಿಂತ ಇನ್ನೂ ಗಟ್ಟಿ ಇರುವ ದೋರೆಗಾಯಿ ಆರಿಸಿ.

ಗಿಡದ ಕೆಳಗೆ ಬಿದ್ದ ಹಣ್ಣನ್ನು ದಿನಾ ಆರಿಸಿ, ತಪ್ಪಿದರೆ ದಿನ ಬಿಟ್ಟು ದಿನ. ಹತ್ತು ಕೆಲಸದಲ್ಲಿ ಇದೊಂದೇ ಮಾಡಿದರೂ ಸಾಕು ಅನ್ನುವಷ್ಟು ಮುಖ್ಯ. ಬಿದ್ದ ಹಣ್ಣಿನಿಂದಲೇ ಹುಳ ಮಣ್ಣಿಗಿಳಿಯುವುದು. ಆರಿಸಿದ್ದನ್ನು ಗೊಬ್ಬರದ ಗುಂಡಿಗೆ, ಚರಂಡಿಗೆ, ಪಕ್ಕದ ಖಾಲಿ ಸೈಟಿಗೆ ಎಸೆಯಬೇಡಿ. ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, ಬಾಯಿ ಬಿಗಿಯಾಗಿ ಕಟ್ಟಿ, ಒಂದು ವಾರ ಬಿಸಿಲಿಗೆ ಹಾಕಿ. ಒಳಗೇ ಬೆಂದು ಸಾಯುತ್ತವೆ. ಗಿಡದ ನೆರಳು ಬೀಳುವಷ್ಟು ಜಾಗವನ್ನು ಆಗಾಗ ಕುರ್ಚಿಗೆಯಿಂದ ಮೇಲೆ ಮೇಲೆ ಕೆದಕಿ. ಕೋಶಗಳು ಮೇಲೆ ಬಂದರೆ ಬಿಸಿಲು, ಇರುವೆ, ಗೊರವಂಕ ಉಳಿದ ಕೆಲಸ ಮಾಡುತ್ತವೆ. ಕೋಳಿ ಇದ್ದರೆ ಕೆದಕುವ ಕೆಲಸವೂ ನಿಮಗಿಲ್ಲ.

ಎರಡನೆಯದು ಚೀಲ ಕಟ್ಟುವುದು. ಪೇರಲ ನಿಂಬೆ ಗಾತ್ರ ಆದಾಗ ಪ್ರತಿ ಕಾಯಿಗೂ ಪೇಪರ್ ಚೀಲ ಇಲ್ಲವೇ ಹಳೇ ಪಂಚೆಯ ಬಟ್ಟೆಯ ಚೀಲ ಹಾಕಿ ತೊಟ್ಟಿಗೆ ಕಟ್ಟಿ. ಮಳೆಗಾಲಕ್ಕೆ ಬಟ್ಟೆಯೇ ವಾಸಿ, ಪೇಪರ್ ನೆನೆದು ಹರಿಯುತ್ತದೆ. ನೊಣ ಹಣ್ಣು ಮುಟ್ಟದಿದ್ದರೆ ಹುಳ ಎಲ್ಲಿಂದ ಬರಬೇಕು? ಒಂದೆರಡು ಗಿಡ ಇರುವ ಮನೆಗೆ ಇದಕ್ಕಿಂತ ಖಾತ್ರಿಯಾದದ್ದು ನನಗೆ ಗೊತ್ತಿಲ್ಲ. ಗಿಳಿ, ಅಳಿಲಿನಿಂದಲೂ ಒಂದಿಷ್ಟು ಉಳಿಯುತ್ತದೆ.

ಮೂರನೆಯದು ಮೋಹಕ ಬಲೆ. ಮೀಥೈಲ್ ಯೂಜಿನಾಲ್ ಅನ್ನುವ ವಸ್ತುವಿನ ವಾಸನೆಗೆ ಗಂಡು ನೊಣ ಓಡಿ ಬರುತ್ತದೆ. ಅದರಲ್ಲಿ ನೆನೆಸಿದ ಸಣ್ಣ ಪ್ಲೈವುಡ್ ತುಂಡು ಇಟ್ಟ ಡಬ್ಬಿಗಳು ಗೊಬ್ಬರ, ಔಷಧದ ಅಂಗಡಿಗಳಲ್ಲಿ ಸಿಗುತ್ತವೆ. ತುಳಸಿ ಎಲೆಯಲ್ಲೂ ಇದೇ ವಸ್ತು ಇದೆ, ಅರೆದಿಟ್ಟ ತುಳಸಿಗೆ ಈ ನೊಣ ಬಂದು ಮುತ್ತುವುದು ಅದಕ್ಕೇ. ಆದರೆ ಇದರ ಮಿತಿ ತಿಳಿದುಕೊಳ್ಳಿ. ಬಲೆಗೆ ಬೀಳುವುದು ಗಂಡು ಮಾತ್ರ, ಚುಚ್ಚುವುದು ಹೆಣ್ಣು. ಈಗಾಗಲೇ ಕೂಡಿದ ಹೆಣ್ಣು ನೊಣಕ್ಕೆ ಬಲೆಯ ಪರಿವೆಯೇ ಇಲ್ಲ. ಹಣ್ಣು ಹಳದಿಯಾದ ಮೇಲೆ ಕಟ್ಟಿದರೆ ಡಬ್ಬಿ ತುಂಬಾ ಸತ್ತ ನೊಣ, ಹಣ್ಣಿನ ತುಂಬಾ ಹುಳ, ಎರಡೂ ಕಾಣುತ್ತೀರಿ. ಕಾಯಿ ಬಲಿಯುವುದಕ್ಕೆ ಒಂದು ತಿಂಗಳು ಮುಂಚೆಯೇ, ಆಳೆತ್ತರದಲ್ಲಿ, ನೆರಳಿನಲ್ಲಿ ಕಟ್ಟಿ. ಅಕ್ಕಪಕ್ಕದ ಗಿಡದ ಮನೆಯವರಿಗೂ ಹೇಳಿ, ನೊಣಕ್ಕೆ ಕಾಂಪೌಂಡ್ ಗೋಡೆ ಲೆಕ್ಕಕ್ಕಿಲ್ಲ. ತುಂಡಿನಲ್ಲಿ ಕೀಟನಾಶಕವೂ ಇರುತ್ತದೆ, ಮಕ್ಕಳ ಕೈಗೆ ಸಿಗದಿರಲಿ. ಹೀರೆ, ಹಾಗಲ, ಸೋರೆಗೆ ಬರುವ ನೊಣ ಬೇರೆ ಜಾತಿ, ಅದಕ್ಕೆ ಕ್ಯೂ ಲೂರ್ ಅನ್ನುವ ಬೇರೆ ಮೋಹಕ ಬೇಕು. ಅಂಗಡಿಯಲ್ಲಿ ಯಾವ ಬೆಳೆಗೆ ಅಂತ ಹೇಳಿ ಕೇಳಿ, ಸುಮ್ನೆ ನೊಣದ ಬಲೆ ಕೊಡಿ ಅಂದರೆ ತಪ್ಪಿ ತರುತ್ತೀರಿ.

ನೀವು ಕೇಳಿಲ್ಲ, ಆದರೂ ಇನ್ನೆರಡು ಹಣ್ಣಿನ ಮಾತು. ಹಿರಿಯೂರು, ಹೊಸದುರ್ಗದ ಕಡೆಯಿಂದ ಬರುವ ದಾಳಿಂಬೆ ಕೊಳ್ಳುವಾಗ ದುಂಡನೆಯ ತೂತು, ಅದರ ಬಾಯಲ್ಲಿ ಕಪ್ಪು ಹಿಕ್ಕೆ ಕಂಡರೆ ಬಿಡಿ. ಒಂದು ಚಿಟ್ಟೆಯ ಹುಳ ಒಳಗಿದ್ದು ಕಾಳು ತಿನ್ನುತ್ತಿರುತ್ತದೆ, ಅಂಥ ಹಣ್ಣು ಒಳಗೇ ಕೊಳೆತು ನಾರುತ್ತದೆ. ಸಿಪ್ಪೆಯ ಮೇಲೆ ಬರೀ ಕಪ್ಪು ಚುಕ್ಕೆ, ಬಿರುಕು ಇದ್ದರೆ ಅದು ಹೆಚ್ಚಾಗಿ ದುಂಡಾಣು ಅಂಗಮಾರಿ ರೋಗ, ಹುಳವಲ್ಲ. ಬಿಡಿಸಿ ನೋಡಿ, ಕಾಳು ಚೆನ್ನಾಗಿದ್ದರೆ ತಿನ್ನಿ. ಸೀತಾಫಲದ ಕಣ್ಣುಗಳ ಸಂದಿಯಲ್ಲಿ ಬಿಳಿ ಹತ್ತಿಯಂತೆ ಕೂರುವುದು ಹಿಟ್ಟು ತಿಗಣೆ. ಅದು ಹೊರಗಿನ ರಸ ಹೀರುತ್ತದೆ, ಒಳಗೆ ಹೋಗುವುದಿಲ್ಲ. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ನೀರಲ್ಲಿ ತಿಕ್ಕಿದರೆ ಹೋಗುತ್ತದೆ. ಹಣ್ಣು ಗಟ್ಟಿ ಇದ್ದಾಗಲೇ ತಿಕ್ಕಿ, ಮೆತ್ತಗಾದ ಮೇಲೆ ಕೈಯಲ್ಲೇ ಒಡೆದುಹೋಗುತ್ತದೆ.

ಇಷ್ಟೆಲ್ಲ ಮಾಡಿಯೂ ಪೇರಲದಲ್ಲಿ ಹುಳ ನಿಲ್ಲದಿದ್ದರೆ ಗಿಡಕ್ಕೆ ಔಷಧ ಹೊಡೆಯುವ ಮೊದಲು ಒಂದು ಕೆಲಸ ಮಾಡಿ. ಹುಳ ಇರುವ ಹಣ್ಣೊಂದನ್ನು ಕುಯ್ಯದೆ, ಎರಡು ಬೆರಳು ಮಣ್ಣು ಹಾಕಿದ ಡಬ್ಬಿಯಲ್ಲಿಟ್ಟು, ಬಾಯಿಗೆ ತೆಳ್ಳನೆ ಬಟ್ಟೆ ಕಟ್ಟಿ ಎರಡು ಮೂರು ವಾರ ಬಿಡಿ. ನೊಣ ತಾನಾಗಿ ಹೊರಗೆ ಬರುತ್ತದೆ. ಆ ಡಬ್ಬಿಯನ್ನು ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೆ ತೆಗೆದುಕೊಂಡು ಹೋಗಿ ತೋರಿಸಿ. ಚಿತ್ರದುರ್ಗ ಜಿಲ್ಲೆಯವರಿಗೆ ಹಿರಿಯೂರಿನ ಬಬ್ಬೂರು ಫಾರ್ಮ್‌ನಲ್ಲಿ ಇಂಥದೇ ಕೇಂದ್ರ ಇದೆ. ಒದ್ದೆಯಾಗಿ ಅರೆದುಹೋದ ಹುಳ ತಂದರೆ ಯಾರಿಗೂ ಜಾತಿ ಹೇಳಲು ಬರುವುದಿಲ್ಲ, ರೆಕ್ಕೆ ಬಲಿತ ನೊಣ ಇದ್ದರೆ ನೋಡಿದ ಕೂಡಲೇ ಹೇಳುತ್ತಾರೆ. ಅದರ ಮೇಲೆ ಯಾವ ಬಲೆ, ಯಾವಾಗ ಅಂತ ನಿಮ್ಮ ಗಿಡಕ್ಕೇ ಹೊಂದುವಂತೆ ತಿಳಿಸುತ್ತಾರೆ.